ಸರದಿ ದಾಟಿದ್ದು

"ಮೇಡಂ, ನೀವ್ಯಾಕೆ ಇಲ್ಲಿ ಕೂತ್ರಿ? ಅಮ್ಮನ್ನ ಕರ್ಕೊಂಡು ಒಳಗೆ ಬನ್ನಿ," ಎಂದು ಆಸ್ಪತ್ರೆಯ ಅಟೆಂಡರ್ ಬಾಗಿಲಿನಿಂದಲೇ ಕೂಗಿದಾಗ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಮ್ಮನ ಜೊತೆ ಬೆಂಚಿನಲ್ಲಿದ್ದ ಸಮಾಜಶಾಸ್ತ್ರದ ಸಂಶೋಧಕಿ ಕೂತಲ್ಲಿಂದ ಏಳಲಿಲ್ಲ. ಈ ಬಾಗಿಲಲ್ಲಿ ಯಾರು ಎಷ್ಟು ಹೊತ್ತು ಕಾಯುತ್ತಾರೆ, ಯಾರು ಕಾಯದೆಯೇ ಒಳಗೆ ಹೋಗುತ್ತಾರೆ ಎಂದು ಮೂರು ವಾರ ಇಲ್ಲೇ ಕೂತು ಬರೆದುಕೊಂಡವಳು ಅವಳು. ಅಟೆಂಡರ್ ಕರೆದದ್ದು ಅಮ್ಮನ ಏದುಸಿರು ಕೇಳಿ ಅಲ್ಲ, ತನ್ನ ಮುಖದ ಪರಿಚಯಕ್ಕೆ ಎಂಬುದು ಅವಳಿಗೆ ಗೊತ್ತಿತ್ತು.

"ಏಳೇ, ಕರೀತಿದಾರಲ್ಲ," ಎಂದು ಅಮ್ಮ ತೋಳು ಹಿಡಿದೆಳೆದರು. ಆದರೆ ಮುಂದಿನ ಸರದಿ ಪಕ್ಕದಲ್ಲಿದ್ದ ಗಾರೆ ಕೆಲಸದವನದು. ಊದಿಕೊಂಡ ಕೈಯನ್ನು ಎದೆಗವಚಿಕೊಂಡು ಬೆಳಗ್ಗೆ ಏಳರಿಂದ ಕಾಯುತ್ತಿದ್ದ. ಹೋದ ವಾರವೂ ಇದೇ ಸಾಲಿನಲ್ಲಿದ್ದ ಅವನನ್ನೇ ಅವಳು ಕೇಳಿದ್ದಳು, "ನಿಮ್ಮನ್ನ ದಾಟ್ಕೊಂಡು ಬೇರೆಯವರು ಒಳಗೆ ಹೋದ್ರೆ ಏನನ್ಸುತ್ತೆ?" ಅವನು ಸುಮ್ಮನೆ ನಕ್ಕಿದ್ದ.

ಈಗ ಅವನು ರೇಗಲಿ, ಎರಡು ಮಾತು ಬೈಯಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಬೈದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು. ಅವನು ಬೈಯಲಿಲ್ಲ. ಅಮ್ಮನ ಮುಖ ನೋಡಿ, ಚಾಚಿದ್ದ ಕಾಲುಗಳನ್ನು ಬೆಂಚಿನಡಿಗೆ ಎಳೆದುಕೊಂಡು ದಾರಿ ಬಿಟ್ಟ.

"ಹೋಗಿ ಮೇಡಂ, ಪಾಪ, ಅಮ್ಮಂಗೆ ಕಷ್ಟ ಆಗ್ತಿದೆ. ನಮಗೇನು, ಕಾದು ಅಭ್ಯಾಸ."

ಅವಳು ಅಮ್ಮನ ಕೈ ಬಿಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ತಲೆ ತಗ್ಗಿಸಿ, ಅವನನ್ನು ದಾಟಿ ಒಳಗೆ ಹೋದಳು.