ತಮ್ಮನಿಗೆ ಹಾಲು ಆಗಲ್ಲ

"ಹಾಲು ಯಾಕೆ ಹಾಕಿದೀಯ? ಅವನಿಗೆ ಆಗಲ್ಲ ಅಂತ ಗೊತ್ತಿಲ್ವಾ?"

ಮಗಳ ಪ್ರಯೋಗಾಲಯಕ್ಕೆ ಮೊದಲ ಸಲ ಬಂದಿದ್ದ ಅಮ್ಮ ಕಂಪ್ಯೂಟರ್ ಪರದೆಯ ಮೇಲಿಟ್ಟ ಬೆರಳು ಕದಲಲಿಲ್ಲ. ಮಗಳ ತಮ್ಮ ತೀರಿಕೊಂಡು ವರ್ಷವಾಗಿತ್ತು. ಕಾಯಿಲೆ ಬಿದ್ದಾಗ ಅವನ ಕರುಳಿನಲ್ಲಿದ್ದ ಸೂಕ್ಷ್ಮಜೀವಿಗಳಲ್ಲಿ ಯಾವುದು ಏನು ತಿನ್ನುತ್ತದೆ, ಯಾವುದರ ಎಂಜಲು ಯಾವುದಕ್ಕೆ ಊಟ ಅನ್ನುವುದನ್ನೆಲ್ಲ ಅವಳು ಕಂಪ್ಯೂಟರಿನಲ್ಲಿ ಲೆಕ್ಕಕ್ಕಿಳಿಸಿ, ಅದಕ್ಕೆ ತಮ್ಮನ ಹೆಸರನ್ನೇ ಇಟ್ಟಿದ್ದಳು. ಲೆಕ್ಕ ಓಡಬೇಕಾದರೆ ಆ ಜೀವಿಗಳಿಗೆ ಆಹಾರ ಬರೆದುಕೊಡಬೇಕು. ಎಲ್ಲರಿಗೂ ಬರೆಯುವ ಊಟವನ್ನೇ ಅವನಿಗೂ ಬರೆದಿದ್ದಳು, ಅದರಲ್ಲಿ ಹಾಲೂ ಇತ್ತು.

"ಅಮ್ಮಾ, ಇದು ಅವನಲ್ಲ. ಬರೀ ಲೆಕ್ಕ."

"ಲೆಕ್ಕಾನೋ ಗಿಕ್ಕಾನೋ, ಮೊದ್ಲು ಹಾಲು ತೆಗಿ. ಆಮೇಲೆ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಾನೆ."

ಮಗಳು ಹಾಲಿನ ಮುಂದೆ ಸೊನ್ನೆ ಒತ್ತಿ ಲೆಕ್ಕ ಓಡಿಸಿದಳು. ಪರದೆಯ ಮೇಲೆ ಬಣ್ಣದ ಗೆರೆಗಳು ಒಂದೊಂದಾಗಿ ಮೇಲೇರಿದವು, ಜೀವಿಗಳು ಬೆಳೆಯುತ್ತಿದ್ದವು. ಅಷ್ಟೂ ಹೊತ್ತು ಅಮ್ಮ ಕುರ್ಚಿ ಹಿಡಿದು ನಿಂತೇ ಇದ್ದಳು. ಗೆರೆಗಳು ನಿಂತ ಮೇಲೆ ಚೀಲ ಹೆಗಲಿಗೇರಿಸಿ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಉಂಡ್ನಾ?"

ಮಗಳು ಪರದೆ ನೋಡಿದಳು, ಅಮ್ಮನನ್ನು ನೋಡಿದಳು.

"ಉಂಡ ಕಣಮ್ಮಾ. ಹೊಟ್ಟೆ ತುಂಬಾ ಉಂಡ."