ದವಡೆ ಸಡಿಲ ಬಿಡು

ಹುಡುಗಿಯ ದವಡೆಯ ಆಪರೇಷನ್ನಿಗೆ ಇನ್ನೆರಡೇ ದಿನ. ಕೊನೆಯ ಸಲ ಎಲ್ಲ ತೋರಿಸಿಬಿಡೋಣವೆಂದು ಡಾಕ್ಟರು ತಾವೇ ಹೊರಗೆ ಬಂದರೆ, ತಾಯಿಯ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ ಹುಡುಗಿ ಗೋಡೆಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಬಾಯಿ ಅರೆ ತೆರೆದಿತ್ತು, ಗದ್ದ ಕತ್ತಿನೊಳಗೆ ಹುದುಗಿಹೋಗಿತ್ತು.

"ನಿಮ್ಮ ಮಗಳೆಲ್ಲಿ?" ಎಂದರು.

"ಇವಳೇ ಅಲ್ವಾ ಡಾಕ್ಟ್ರೇ! ಬೆಳಗ್ಗೆ ಬೇಗ ಎದ್ದು ಹೊರಟ್ವಲ್ಲ, ತೂಕಡಿಸಿಬಿಟ್ಳು. ಏ ಪುಟ್ಟಿ, ಏಳೇ!"

ಹುಡುಗಿ ಬೆಚ್ಚಿಬಿದ್ದಳು. ಕಣ್ಣು ಪೂರ್ತಿ ಬಿಡುವ ಮೊದಲೇ ಕೆಳದವಡೆ ಮುಂದಕ್ಕೆ ಬಂದು ಕೂತಿತು, ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡಷ್ಟು ಸಲೀಸಾಗಿ. ಈಗ ಅವಳು ಡಾಕ್ಟರಿಗೆ ಪರಿಚಯವಿದ್ದ ಹುಡುಗಿಯಾದಳು. ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು.

ಒಳಗೆ ಕಂಪ್ಯೂಟರಿನ ಪರದೆಯಲ್ಲಿ ಅವಳ ತಲೆಬುರುಡೆ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ದವಡೆಗಳನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಮುಂದೆ ತಂದು ಕೂರಿಸಬೇಕು, ಆಮೇಲೆ ಮುಖ ಹೇಗೆ ಕಾಣುತ್ತದೆ, ಎಲ್ಲವೂ ಅಲ್ಲೇ ತೀರ್ಮಾನವಾಗಿತ್ತು. ಆ ಹೊಸ ಮುಖವನ್ನು ಹುಡುಗಿ ತನ್ನ ಫೋನಿನಲ್ಲಿಟ್ಟುಕೊಂಡು ದಿನಾ ನೋಡುತ್ತಿದ್ದಳು. ಮುಖ ತೋರಿಸಬೇಕಿಲ್ಲವೆಂದೇ, ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಹಿಡಿದವಳು ಅವಳು. ಮೊದಲ ದಿನ ಇದೇ ಡಾಕ್ಟರು, "ಪ್ಲಾಸ್ಟರಲ್ಲಿ ದವಡೆ ಮಾಡೋದು, ಗರಗಸದಲ್ಲಿ ಕೊಯ್ಯೋದು, ಮೇಣ ಹಾಕಿ ಅಂಟಿಸಿ ನೋಡೋದು, ಅವೆಲ್ಲ ನಮ್ಮ ಮೇಷ್ಟ್ರ ಕಾಲಕ್ಕೇ ಮುಗೀತು. ಕಂಪ್ಯೂಟರಿಗೆ ಕಣ್ತಪ್ಪೋದೇ ಇಲ್ಲ" ಎಂದು ಕೊಚ್ಚಿಕೊಂಡಿದ್ದರು. ಅದರ ಕಣ್ಣು ತಪ್ಪಿರಲಿಲ್ಲ, ನಿಜ. ತೋರಿಸಿದ್ದನ್ನು ಅದು ನೋಡಿತ್ತು.

"ಸ್ಕ್ಯಾನ್ ತೆಗೆಯೋವಾಗ ದವಡೆ ಹೇಗಿಟ್ಕೊಂಡಿದ್ದೆ?"

"ಯಾವಾಗ್ಲೂ ಇಟ್ಕೊಳ್ಳೋ ಹಾಗೆ."

"ಈಗ ನಿದ್ದೇಲಿ ಇತ್ತಲ್ಲ, ಹಾಗಾ?"

ಹುಡುಗಿ ಕಿವಿಯವರೆಗೂ ಕೆಂಪಾದಳು. "ಅಲ್ಲಿದ್ದೋರು ನೋಡ್ತಾ ಇದ್ರು ಸಾರ್. ಅದೂ ಒಂಥರಾ ಫೋಟೋನೇ ಅಲ್ವಾ ಅಂತ..."

ಡಾಕ್ಟರು ಪರದೆ ಆರಿಸಿದರು. ಅವಳಿಗಿಂತ ಹೆಚ್ಚು ನಾಚಿಕೆ ಅವರಿಗಾಗಿತ್ತು. ಹಳೆಯ ಪದ್ಧತಿಯಾಗಲಿ ಹೊಸದಾಗಲಿ, ಮೊದಲು ಗದ್ದ ಹಿಡಿದು, ದವಡೆ ಅದರ ನಿಜವಾದ ಜಾಗಕ್ಕೆ ಹೋಯಿತೇ ಎಂದು ಕೈಯಿಂದಲೇ ನೋಡಿಕೊಳ್ಳಬೇಕು. ಅಷ್ಟನ್ನು ಹಾರಿಸಿದ್ದು ಕಂಪ್ಯೂಟರಲ್ಲ, ಅವರು. ಆಪರೇಷನ್ನಿನಲ್ಲಿ ಅರಿವಳಿಕೆ ಕೊಟ್ಟೊಡನೆ ದವಡೆ ಹಿಂದಕ್ಕೆ ಜಾರಿ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಹಲ್ಲಿಗೆ ಹಲ್ಲು ಸೇರದೆ, ಅವಳ ಮೂಳೆಯನ್ನು ಇನ್ನೊಮ್ಮೆ ಕೊಯ್ಯಬೇಕಾಗುತ್ತಿತ್ತು.

"ತಪ್ಪು ನಂದು. ಆಪರೇಷನ್ ಮುಂದಕ್ಕೆ ಹಾಕ್ತೀನಿ. ಅಳತೆ ಮೊದಲಿಂದ ತಗೊಳ್ಳೋಣ."

"ಹಾಗಾದ್ರೆ ಫೋನಲ್ಲಿರೋ ಆ ಮುಖ?"

"ಅಳಿಸಿಬಿಡಮ್ಮ. ಹೊಸದು ಕೊಡ್ತೀನಿ" ಎಂದ ಡಾಕ್ಟರಿಗೆ ಅವಳ ಕಣ್ಣು ನೋಡುವ ಧೈರ್ಯವಾಗಲಿಲ್ಲ. ಕಪಾಟಿನ ಮೂಲೆಯಲ್ಲಿದ್ದ, ಹಲ್ಲಿನ ಗುರುತು ತೆಗೆಯುವ ಮೇಣದ ಹಾಳೆಯನ್ನು ಹುಡುಕಿ ತೆಗೆದು, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡರು. ಇನ್ನೊಂದು ಕೈಯಲ್ಲಿ ಅವಳ ಗದ್ದ ಹಿಡಿದರು.

"ದವಡೆ ಸಡಿಲ ಬಿಡು."

"ಬಿಟ್ಟಿದ್ದೀನಿ."

ಬಿಟ್ಟಿರಲಿಲ್ಲ. ಗದ್ದದ ಕೆಳಗೆ ಸ್ನಾಯು ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಎಷ್ಟು ಸಲ ಹೇಳಿದರೂ ಅಷ್ಟೇ. ಕೊನೆಗೆ ಹುಡುಗಿ ನೆಲ ನೋಡುತ್ತ, "ಅಮ್ಮ ಹೊರಗೆ ಹೋಗ್ಲಿ" ಎಂದಳು.

"ಚೆನ್ನಾಗಿದೆ ಕಣೇ! ಹೆತ್ತೋಳ ಮುಂದೆ ಎಂಥಾ ನಾಚಿಕೆ?" ಎಂದು ತಾಯಿ ನಕ್ಕರು. ಒಬ್ಬರೇ ನಕ್ಕರು.

"ಚಿಕ್ಕಮ್ಮನ ಮದುವೇಲಿ ಫೋಟೋ ತೆಗೀವಾಗ ಏನಂದೆ ಅಮ್ಮ? ಗದ್ದ ಮುಂದಕ್ಕೆ ತಗೋ, ಇಲ್ದಿದ್ರೆ ಯಾರ ಹಿಂದಾದ್ರೂ ನಿಂತ್ಕೋ ಅಂದೆ." ಹುಡುಗಿಯ ಧ್ವನಿ ಏರಲೇ ಇಲ್ಲ. "ಅವತ್ತು ಮುಂದೆ ತಂದದ್ದು. ಎಚ್ಚರ ಇರೋವಾಗ ಮತ್ತೆ ಹಿಂದೆ ಬಿಟ್ಟಿಲ್ಲ."

ತಾಯಿಗೆ ಆ ಮಾತು ನೆನಪೇ ಇರಲಿಲ್ಲ. ಆಡಿದ್ದಕ್ಕಿಂತ ಮರೆತದ್ದಕ್ಕೇ ಹೆಚ್ಚು ನಾಚಿಕೆಯಾಗಿ ಮುಖ ಸಣ್ಣದಾಯಿತು. "ಹೊರಗೆ ಕಳಿಸ್ಬೇಡ್ವೇ. ಆ ಕಡೆ ತಿರುಗಿ ನಿಂತ್ಕೋತೀನಿ" ಎಂದು ಕಿಟಕಿಯತ್ತ ಹೋಗಿ ಬೆನ್ನು ಮಾಡಿ ನಿಂತರು.

ಹುಡುಗಿ ಕಣ್ಣು ಮುಚ್ಚಿದಳು. ಡಾಕ್ಟರು ಹೇಳಿದಂತೆ ನಾಲಿಗೆ ಮಡಿಸಿ ಅಂಗುಳಿಗೆ ತಾಗಿಸಿದಳು. ಗದ್ದ ನಡುಗಿತು, ತಡವರಿಸಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯಿತು. "ಶಹಬ್ಬಾಸ್. ಈಗ ಕಚ್ಚು. ಅಲ್ಲೇ ಇರ್ಲಿ" ಎಂದು ಡಾಕ್ಟರು ಹಲ್ಲಿನ ನಡುವೆ ಮೇಣ ಇಟ್ಟರು.

"ಆಯ್ತಾ ಪುಟ್ಟಿ?" ತಾಯಿ ತಡೆಯಲಾರದೆ ತಿರುಗಿಬಿಟ್ಟರು. ಹುಡುಗಿ ಕಣ್ಣು ತೆರೆದಳು.

ಡಾಕ್ಟರು ಮೇಣವನ್ನು ಹೊರತೆಗೆದು ದೀಪದ ಬೆಳಕಿಗೆ ಹಿಡಿದರು. ಕೆಳಹಲ್ಲಿನ ಗುರುತು ಒಂದರ ಮುಂದೊಂದು, ಎರಡು ಸಾಲು ಮೂಡಿತ್ತು. ತಾಯಿ ಹತ್ತಿರ ಬಂದು ಬಗ್ಗಿ ನೋಡಿದರು.

"ಇದೇನು ಡಾಕ್ಟ್ರೇ, ಎರಡೆರಡು? ಇದ್ರಲ್ಲಿ ಇವಳದ್ದು ಯಾವುದು?"

ಡಾಕ್ಟರು ಹಿಂದಿನ ಸಾಲಿನ ಮೇಲೆ ಉಗುರಿಟ್ಟು ತೋರಿಸಿದರು.

"ಮತ್ತೆ ಈ ಮುಂದಿಂದು?"

"ಅದು ನೀವು ತಿರುಗಿ ನೋಡಿದಾಗಿಂದು."

ತಾಯಿ ಕುರ್ಚಿಯ ಮೇಲಿದ್ದ ಕೈಚೀಲ ಎತ್ತಿಕೊಂಡು ಹೊರಗೆ ಹೋಗಿ, ಬಾಗಿಲನ್ನು ತಾವೇ ಸದ್ದಾಗದಂತೆ ಎಳೆದುಕೊಂಡರು.