ಅರ್ಧತೋಳು

"ನಾವು ಹೋಗ್ತಿರೋದು ದಕ್ಷಿಣ ಸ್ಪೇನಿಗೆ ಕಣೇ, ಕಾಶ್ಮೀರಕ್ಕಲ್ಲ!" ಗಂಡ ಸೂಟ್‌ಕೇಸನ್ನು ಒದ್ದ. ಅವಳು ಮಡಿಸಿಟ್ಟಿದ್ದ ಸ್ವೆಟರುಗಳೆಲ್ಲ ನೆಲಕ್ಕೆ ಬಿದ್ದವು.

"ಜನವರೀಲಿ ಅಲ್ಲೂ ಚಳಿ ಇರತ್ತಂತೆ ಕಣ್ರೀ. ತುಂಬುತೋಳಿಂದು ಒಂದಾದ್ರೂ ಇಟ್ಕೋತೀನಿ."

"ಎದುರು ಮಾತಾಡ್ತೀಯಾ?" ಅವನ ಬೆಲ್ಟು ಅವಳ ತೋಳಿನ ಮೇಲೆ ನಾಲ್ಕು ಸಲ ಬಿತ್ತು. "ಫೋಟೋಗೆ ಅಂತ ತಂದಿರೋ ಅರ್ಧತೋಳಿನ ಟಾಪ್‌ಗಳೇ ಸಾಕು. ಒಂದು ಸ್ವೆಟರ್ ಕಂಡ್ರೂ ಕೊಂದ್ಹಾಕ್ತೀನಿ."

ಮದುವೆಯಾದಾಗಿನಿಂದ ಅವಳು ತುಂಬುತೋಳಿನದನ್ನೇ ಹಾಕಬೇಕೆಂದು ಕಟ್ಟಪ್ಪಣೆ ಮಾಡಿದ್ದವನೂ ಅವನೇ. ಸಿಟ್ಟಿನಲ್ಲಿ ಅವನಿಗೆ ಅದು ನೆನಪಾಗಲಿಲ್ಲ. ಅವಳು ನೆನಪಿಸಲೂ ಇಲ್ಲ.

ಊರಿನಿಂದ ಹೊದ್ದು ಬಂದ ಶಾಲನ್ನು ಅವಳು ವಿಮಾನದ ಸೀಟಿನಲ್ಲೇ ಬಿಟ್ಟು ಇಳಿದಳು. ಹೋಟೆಲಿನ ಕೌಂಟರಿನ ಮುಂದೆ ಗಡಗಡ ನಡುಗುತ್ತ ನಿಂತವಳನ್ನು ಕಂಡು ಅಲ್ಲಿನ ಹೆಂಗಸು ಕಂಬಳಿ ತಂದಳು. ತೋಳಿನ ಬಾಸುಂಡೆಗಳನ್ನು ನೋಡಿದವಳೇ ಕಂಬಳಿ ಕೆಳಗಿಟ್ಟು ಫೋನ್ ಎತ್ತಿದಳು.

ಗಂಡ ಗಾಬರಿಯಿಂದ ಕಂಬಳಿ ಎಳೆದುಕೊಂಡು ಹೆಂಡತಿಗೆ ಹೊದಿಸಲು ಬಂದ. "ಹೊದ್ಕೋ, ತುಂಬಾ ಚಳಿ ಇದೆ."

"ಇರ್ಲಿ ಬಿಡಿ," ಅಂದಳು ಅವಳು. "ಪೊಲೀಸರು ಬರೋವರೆಗೂ ತಡ್ಕೋತೀನಿ."